ಮೂರು ನಲ್ಲಿಗೆ ಒಂದೇ ಬಚ್ಚಲ ಕಿಂಡಿ

"ಕೆಂಪು, ಹಳದಿ, ನೀಲಿ ವೈರು ಸರಿ. ಕಪ್ಪು ಯಾಕಪ್ಪಾ ಇಷ್ಟೊಂದು?"

ಹಳೇ ಮನೆಯ ರೀವೈರಿಂಗ್‌ಗೆ ಸಾಮಾನಿನ ಪಟ್ಟಿ ಬರೆದುಕೊಟ್ಟರೆ ಮರುದಿನ ಬೆಳಿಗ್ಗೆ ಈ ಫೋನು ಬಂದೇ ಬರುತ್ತದೆ. ಸ್ವಿಚ್ ಪ್ಲೇಟಿಗೆ ಎಷ್ಟು ಸುರಿಯಲೂ ಜನ ಹಿಂದೆಮುಂದೆ ನೋಡುವುದಿಲ್ಲ. ಉಳಿತಾಯದ ನೆನಪಾಗುವುದು 90 ಮೀಟರಿನ ಕಪ್ಪು ಕಾಯಿಲ್ ಕಂಡಾಗಲೇ. ಕೆಂಪು, ಹಳದಿ, ನೀಲಿ ಕರೆಂಟು ತರುವ ಫೇಸು, ಕಪ್ಪು ಅದು ವಾಪಸ್ ಹೋಗುವ ನ್ಯೂಟ್ರಲ್. "ನ್ಯೂಟ್ರಲ್ ಎಲ್ಲಾ ಒಂದೇ ತಾನೇ, ಒಂದೆಳೆ ಎಳೆದು ಎಲ್ಲದಕ್ಕೂ ಕೊಟ್ಟುಬಿಡಿ" ಎನ್ನುತ್ತಾರೆ. ಇದನ್ನು ಅವರ ತಲೆಗೆ ಹಾಕಿದವರು ನಮ್ಮ ಕಸುಬಿನವರೇ, ಅದು ನನಗೆ ಇನ್ನೂ ಸಂಕಟ.

ಮೈಸೂರಿನ ಅಗ್ರಹಾರದ ಕಡೆ ಒಂದು ಮನೆ, ರಿಟೈರ್ಡ್ ಗಣಿತದ ಮೇಷ್ಟ್ರದು. ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿದ ಮದ್ರಾಸ್ ಟೆರೇಸ್ ಸೂರು, ತೇಗದ ತೊಲೆ, ನೆಲಕ್ಕೆ ರೆಡ್ ಆಕ್ಸೈಡ್. ಮರದ ಪಟ್ಟಿಯ ಮೇಲೆ ಕ್ಲಿಪ್ ಹೊಡೆದ ಹಳೇ ವೈರಿಂಗು, ಪಿಂಗಾಣಿ ಫ್ಯೂಸು. ಅಂಥ ಸೂರಿನಲ್ಲಿ ವೈರಿನ ಪೈಪ್ ಹೂಳುವ ಮಾತೇ ಇಲ್ಲ. ಗೋಡೆಯ ನೆತ್ತಿಯಲ್ಲಿ, ತೊಲೆಯ ಕೆಳಗೆ ಸಾಲಾಗಿ ಹೊರಗಿನಿಂದಲೇ ತಂದು ಡಿಬಿಯ (ಮನೆಯ ವೈರುಗಳೆಲ್ಲ ಬಂದು ಸೇರುವ ಪೆಟ್ಟಿಗೆ) ಮೇಲೆ ನೆಟ್ಟಗೆ ಇಳಿಸಬೇಕು. ನಾನು ಆರು ಪೈಪ್ ಬರೆದಿದ್ದೆ. ಮೇಷ್ಟ್ರಿಗೆ ಎರಡು ಸಾಕು, "ಮನೆ ನೀಟಾಗಿ ಕಾಣ್ಬೇಕು ನೋಡು."

ನೀಟು ಅಂದರೆ ಜನ ನೋಡುವುದು ಡಿಬಿಯ ಮುಚ್ಚಳ. ನಾನು ನೋಡುವುದು ಮುಚ್ಚಳ ತೆಗೆದ ಮೇಲೆ. ಒಂದು ಸರ್ಕ್ಯೂಟಿನ ಫೇಸು, ಅದರದೇ ನ್ಯೂಟ್ರಲ್, ಅದರದೇ ಹಸಿರು ಅರ್ಥ್, ಮೂರೂ ಒಂದೇ ಪೈಪಿನಲ್ಲಿ ಬಂದಿರಬೇಕು. 4ನೇ ಎಂಸಿಬಿಯ (ಕರೆಂಟು ಮಿತಿಮೀರಿದರೆ ತಾನಾಗಿ ಬೀಳುವ ಸ್ವಿಚ್ಚು) ಫೇಸಿಗೂ ಅದರ ಕಪ್ಪಿಗೂ "4" ಎಂಬ ಒಂದೇ ಉಂಗುರ ತೊಡಿಸಿರಬೇಕು. ಡಿಬಿಯನ್ನು ಒಂದು ಸುತ್ತು ಬರುವಷ್ಟು ವೈರು ಹೆಚ್ಚಿಗೆ ಬಿಟ್ಟಿರಬೇಕು. ಪೈಪಿನ ಒಳಜಾಗದಲ್ಲಿ ಅರ್ಧಕ್ಕಿಂತ ಕಡಿಮೆ, ಸುಮಾರು 40% ತುಂಬಿದರೆ ಸಾಕು. ಸ್ಪ್ರಿಂಗ್ ಹಾಕಿ ಇಬ್ಬರು ಹುಡುಗರು ಕಾಲು ಕೊಟ್ಟು ಎಳೆಯಬೇಕಾಗಿ ಬಂದರೆ ಒಳಗೆ ವೈರಿನ ಸಿಪ್ಪೆ ಸುಲಿದಿದೆ ಎಂದೇ ಲೆಕ್ಕ.

ಈಗ ಆ ಕಪ್ಪು ವೈರಿಗೆ ಬರೋಣ. ಎಂಸಿಬಿ ಕಾಯುವುದು ಫೇಸನ್ನು ಮಾತ್ರ. ಬಚ್ಚಲಿನ 2,000 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ ಎಳೆಯುವುದು ಹೆಚ್ಚುಕಡಿಮೆ 8.7 ಆಂಪಿಯರ್. ಬಿಸಿನೀರಿನ ವಾಷಿಂಗ್ ಮೆಷಿನ್ನೂ ಅಷ್ಟೇ. ಅಡುಗೆಮನೆಯ 3,000 ವ್ಯಾಟಿನ ಇನ್‌ಸ್ಟಂಟ್ ಗೀಸರ್ 13. ಮೂರಕ್ಕೂ ಬೇರೆಬೇರೆ 16 ಆಂಪಿಯರ್ ಎಂಸಿಬಿ ಇದೆ, ಯಾವುದೂ ಟ್ರಿಪ್ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಮೂರೂ ಒಂದೇ ಫೇಸಿನ ಮೇಲಿದ್ದು, ಒಂದೇ ಕಪ್ಪು ವೈರಿನಲ್ಲಿ ವಾಪಸ್ ಬಂದರೆ ಅದರ ಮೇಲೆ 30 ಆಂಪಿಯರ್! ಪೈಪಿನೊಳಗಿನ 2.5 ಚದರ ಮಿಲಿಮೀಟರ್ ತಾಮ್ರ ಸುಮಾರು 20 ಹೊರಬಹುದು. ಪಕ್ಕದಲ್ಲಿ ಎಷ್ಟು ವೈರಿವೆ, ಎಷ್ಟು ಸೆಖೆ ಎಂಬುದರ ಮೇಲೆ ಅದೂ ಇಳಿಯುತ್ತದೆ. ಮೂರು ನಲ್ಲಿಗೂ ತಿರುಪು ಇದೆ, ಬಚ್ಚಲ ಕಿಂಡಿಗೆ ಇಲ್ಲ. ಅಲ್ಲಿ ನೀರು ಉಕ್ಕಿದರೆ ಕಣ್ಣಿಗೆ ಕಾಣುತ್ತದೆ. ಇಲ್ಲಿ ಪೈಪಿನೊಳಗೆ ಸುಮ್ಮನೆ ಬಿಸಿಯೇರುತ್ತದೆ.

ಮೇಷ್ಟ್ರು ಅಷ್ಟಕ್ಕೆ ಬಿಡುತ್ತಾರೆಯೇ? "ಕಂಬದಿಂದ ಮೂರು ಫೇಸಿಗೆ ಒಂದೇ ನ್ಯೂಟ್ರಲ್ ಬರುತ್ತಲ್ಲಯ್ಯಾ, ಅದ್ಯಾಕೆ ಸುಡಲ್ಲ?"

ಪ್ರಶ್ನೆ ಒಳ್ಳೆಯದೇ. ಮೂರು ಬೇರೆ ಫೇಸುಗಳ ಕರೆಂಟು ನ್ಯೂಟ್ರಲ್ಲಿನಲ್ಲಿ ಬಹುಪಾಲು ಒಂದನ್ನೊಂದು ಕಳೆದುಕೊಳ್ಳುತ್ತದೆ, ಒಂದೇ ಫೇಸಿನದಾದರೆ ಕೂಡಿಕೊಳ್ಳುತ್ತದೆ. "ನಿಮ್ಮ ಬಚ್ಚಲು, ಅಡುಗೆಮನೆ ಎರಡೂ ಕೆಂಪು ಫೇಸಿನ ಮೇಲೇ ಇವೆ ಮೇಷ್ಟ್ರೇ" ಅಂದೆ. ಬೇರೆ ಫೇಸಿಗೆ ಹಾಕಿದರೂ ನಾನು ಒಪ್ಪುತ್ತಿರಲಿಲ್ಲ. ನಡುವೆ ಎಲ್ಲೋ ಜಂಕ್ಷನ್ ಬಾಕ್ಸಿನಲ್ಲಿ ಆ ಒಂದು ಕಪ್ಪು ಜಾಯಿಂಟು ಸಡಿಲವಾದರೆ ಎರಡು ಫೇಸಿನ ಸಾಮಾನುಗಳು 400 ವೋಲ್ಟಿನ ನಡುವೆ ಒಂದರ ಹಿಂದೊಂದು ಸಿಕ್ಕಿಕೊಳ್ಳುತ್ತವೆ. ಗೀಸರ್ ತಡೆದೀತು, ಟಿವಿ ಮೊದಲು ಹೋಗುತ್ತದೆ.

ಇನ್ನೊಂದು ಭಯ ನನ್ನ ಸ್ವಂತದ್ದು. ವರ್ಷಗಳ ಹಿಂದೆ ಒಂದು ಫ್ಲ್ಯಾಟಿನಲ್ಲಿ ಬೆಡ್‌ರೂಮಿನ ಎಂಸಿಬಿ ಆಫ್ ಮಾಡಿ, ಅದರ ಕಪ್ಪಿಗೆ ಟೆಸ್ಟರ್ ಇಟ್ಟು ನೋಡಿದೆ, ಉರಿಯಲಿಲ್ಲ. ಕಪ್ಪು ವೈರುಗಳೆಲ್ಲ ಸೇರುವ ನ್ಯೂಟ್ರಲ್ ಲಿಂಕಿನಿಂದ ವೈರನ್ನು ಬಿಚ್ಚಿ ಹೊರಕ್ಕೆಳೆದೆ. ಅದೇ ಕ್ಷಣ ಹಾಲಿನ ಫ್ಯಾನು ನಿಧಾನವಾಯಿತು, ನಾನು ಸ್ಟೂಲಿನಿಂದ ಕೆಳಗೆ. ಹಾಲಿನ ಫ್ಯಾನಿಗೆ ಯಾರೋ ಬೆಡ್‌ರೂಮಿನ ನ್ಯೂಟ್ರಲ್ ಎರವಲು ಕೊಟ್ಟಿದ್ದರು. ಲಿಂಕಿಗೆ ಅಂಟಿಕೊಂಡಿರುವವರೆಗೂ ಸಾಧು, ಬಿಚ್ಚಿದರೆ ಫ್ಯಾನಿನ ಮೂಲಕ ಬಂದ ಪೂರ್ತಿ ಫೇಸು. ಮೊಣಕೈ ತರಚಿತು, ಅಷ್ಟರಲ್ಲೇ ಮುಗಿಯಿತು. ಈಗ ಯಾರ ಮನೆಯಲ್ಲೇ ಆಗಲಿ ಮೇನ್ ಆಫ್ ಮಾಡದೆ ಲಿಂಕಿಗೆ ಸ್ಕ್ರೂಡ್ರೈವರ್ ತಾಗಿಸುವುದಿಲ್ಲ. (ನೀವಂತೂ ಡಿಬಿಯ ಮುಚ್ಚಳ ತೆಗೆಯಲೇಬೇಡಿ. ಮೇನ್ ಆಫ್ ಇದ್ದರೂ ಅದರ ಒಳಬರುವ ತುದಿಯಲ್ಲಿ ಕರೆಂಟು ಇದ್ದೇ ಇರುತ್ತದೆ. ಲೈಸೆನ್ಸ್ ಇರುವವರನ್ನು ಕರೆಯಿರಿ.)

"ಆರ್‌ಸಿಸಿಬಿ ಸುಮ್ಮಸುಮ್ಮನೆ ಬೀಳುತ್ತೆ, ತೆಗೆದುಬಿಡಿ" ಎಂಬ ಫೋನುಗಳಲ್ಲಿ ಎಷ್ಟೋ ಸಲ ಇದೇ ಎರವಲಿನ ಕಥೆ. ಆರ್‌ಸಿಸಿಬಿ ಅಂದರೆ ಕರೆಂಟು ಸೋರಿದರೆ ಕಡಿಯುವ ಸ್ವಿಚ್ಚು. ಹೋದ ಕರೆಂಟು, ವಾಪಸ್ ಬಂದ ಕರೆಂಟು, ಎರಡನ್ನೂ ಅದು ತೂಗುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವುದು 30 ಮಿಲಿಆಂಪಿಯರಿನದು, ವ್ಯತ್ಯಾಸ ಅಷ್ಟಾಗುವ ಹೊತ್ತಿಗೆ ಕಡಿದುಹಾಕುತ್ತದೆ. ಯುಪಿಎಸ್ ಹಾಕಲು ಬಂದವನು ಫೇಸನ್ನು ಆರ್‌ಸಿಸಿಬಿ ದಾಟುವ ಮೊದಲೇ ತೆಗೆದು, ನ್ಯೂಟ್ರಲ್ಲನ್ನು ದಾಟಿದ ಮೇಲಿನ ಲಿಂಕಿಗೆ ಸೇರಿಸಿ ಹೋಗಿರುತ್ತಾನೆ. ಸಂಜೆ ದೀಪ ಹಚ್ಚಿದರೆ ಮನೆಯೆಲ್ಲಾ ಕತ್ತಲು. ತಪ್ಪು ಅವನದು, ಬೈಗುಳ ಪಾಪ ಆರ್‌ಸಿಸಿಬಿಗೆ.

ಕೊನೆಗೆ ಆರು ಪೈಪೇ ಆಯಿತು. ಮೇಷ್ಟ್ರು ಕನ್ನಡಕ ಏರಿಸಿ, ಡಿಬಿಯ ಬಾಗಿಲ ಒಳಮೈಗೆ ಅಂಟಿಸಲು ಯಾವ ಎಂಸಿಬಿ ಯಾವ ಕೋಣೆಗೆ ಎಂಬ ಪಟ್ಟಿಯನ್ನು ತಾವೇ ಗೀಟು ಹೊಡೆದು ಬರೆದರು, ನಂಬರುಗಳನ್ನು ಎರಡು ಸಲ ತಾಳೆ ನೋಡಿದರು. ಬಿಲ್ಲಿನಲ್ಲಿ ಮಾತ್ರ ಕಪ್ಪು ವೈರಿನ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಗೇ ಉಳಿದಿತ್ತು. ಮಿಕ್ಕ ಐದಾರು ಮೀಟರ್ ಈಗ ಅವರ ಮಾಳಿಗೆಯ ಮೇಲಿದೆ, ಬಟ್ಟೆ ಒಣಹಾಕಲು.