ಯಾರನ್ನು ಹಿಡಿದರೂ ಮುಂದೆ ಸರಿಯದ ಪಾಳಿ

ಸಿಂಧನೂರಿನಲ್ಲಿರುವ ನಮ್ಮ ದೊಡ್ಡಮ್ಮನ ಮಗಳ ಮನೆಯಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಫೈಲಿದೆ. ಬಂಗಾರ, ಹೊಲದ ಪಹಣಿ ಇಡುವ ಟ್ರೆಜರಿಯಲ್ಲೇ ಅದಕ್ಕೂ ಜಾಗ. ಒಳಗಿನ ಮೊದಲ ಹಾಳೆ ಅಮೆರಿಕದಿಂದ ಬಂದ ರಸೀದಿ. ಅದರ ಮೇಲೆ 2006ರ ಆರಂಭದ ತಾರೀಖು. ಅಕ್ಕನ ಅಣ್ಣ ಅಲ್ಲಿಯ ಪೌರನಾದ ಮೇಲೆ ತಂಗಿಯನ್ನು ಕರೆಸಿಕೊಳ್ಳಲು ಹಾಕಿದ ಅರ್ಜಿಯದು. ಆ ತಾರೀಖಿನ ಪಾಳಿ ಬಂದದ್ದು 2025ರಲ್ಲಿ.

ನಡುವಿನ ಹತ್ತೊಂಬತ್ತು ವರ್ಷ ಅಕ್ಕ ನನ್ನನ್ನು ಕೇಳುತ್ತಿದ್ದದ್ದು ಒಂದೇ ಮಾತು. "ಯಾರನ್ನ ಹಿಡದ್ರ ಕೆಲ್ಸ ಆಗ್ತದ ತಮ್ಮಾ?" ತಪ್ಪೇನಿಲ್ಲ. ನಮ್ಮ ಕಡೆ ಫೈಲು ನಿಂತಿದೆ ಅಂದರೆ ಯಾರದೋ ಟೇಬಲ್ ಮೇಲೆ ನಿಂತಿದೆ ಅಂತಲೇ ಅರ್ಥ. ಆದರೆ ಈ ಅರ್ಜಿಯ ಪರಿಶೀಲನೆ 2009ರಲ್ಲೇ ಮುಗಿದು, ಒಪ್ಪಿಗೆಯ ಕಾಗದ ಮನೆಗೆ ಬಂದಿತ್ತು. ಆಮೇಲಿನದೆಲ್ಲ ಸುಮ್ನೆ ಕಾಯುವುದು. ಆ ಕಾಯುವಿಕೆಯ ಬೇರು ನೂರು ವರ್ಷ ಹಿಂದಿದೆ.

1917ರಲ್ಲಿ ಅಮೆರಿಕ ಏಷ್ಯಾದ ಬಹುಭಾಗದ ಜನರಿಗೆ ಬಾಗಿಲು ಹಾಕಿತು. ಭಾರತವೂ ಆ ಪಟ್ಟಿಯಲ್ಲಿತ್ತು. ಮೊದಲೇ ಹೋಗಿ ನೆಲೆಸಿದ್ದವರಿಗೂ ನೆಮ್ಮದಿ ಇರಲಿಲ್ಲ. ಭಗತ್ ಸಿಂಗ್ ಥಿಂಡ್ ಎಂಬುವರು ಪೌರತ್ವಕ್ಕಾಗಿ ಅಲ್ಲಿಯ ಸುಪ್ರೀಂ ಕೋರ್ಟಿನವರೆಗೆ ಹೋದರು. ಕಾನೂನು ಹೇಳುವ 'ಬಿಳಿಯ' ನೀನಲ್ಲ ಎಂದು 1923ರಲ್ಲಿ ತೀರ್ಪು ಬಂತು. 1946ರಲ್ಲಿ ಕದ ಸ್ವಲ್ಪ ತೆರೆಯಿತು. ಎಷ್ಟು ಅಂದರೆ ವರ್ಷಕ್ಕೆ 100 ಜನ, ಇಡೀ ಭಾರತಕ್ಕೆ! ಸಿಂಧನೂರಿನಿಂದ ರಾಯಚೂರಿಗೆ ಹೋಗುವ ಎರಡು ಬಸ್ಸಿನಲ್ಲಿ ಹಿಡಿಸುವಷ್ಟು.

ಈಗಿನ ಪದ್ಧತಿಯ ಬುನಾದಿ ಬಿದ್ದದ್ದು 1965ರಲ್ಲಿ. ಅಧ್ಯಕ್ಷ ಲಿಂಡನ್ ಜಾನ್ಸನ್ ಅಕ್ಟೋಬರ್ 3ರಂದು ನ್ಯೂಯಾರ್ಕಿನ ಸ್ವಾತಂತ್ರ್ಯ ಪ್ರತಿಮೆಯ ಬುಡದಲ್ಲಿ ಕೂತು ಹೊಸ ವಲಸೆ ಕಾನೂನಿಗೆ ಸಹಿ ಹಾಕಿದರು. ಹುಟ್ಟಿದ ದೇಶ ನೋಡಿ ತಾರತಮ್ಯ ಮಾಡುವ ಹಳೇ ಕೋಟಾ ಹೋಯಿತು. ಇದರ ಹಿಂದೊಂದು ತಮಾಷೆಯ ಕಥೆ ಇದೆ. ಓಹಿಯೋದ ಸಂಸದ ಮೈಕೆಲ್ ಫೀಗನ್ ವಿದ್ಯೆ, ಕೌಶಲಕ್ಕಿಂತ ರಕ್ತಸಂಬಂಧಕ್ಕೆ ಜಾಸ್ತಿ ಪಾಲು ಕೊಡಬೇಕೆಂದು ಹಟ ಹಿಡಿದರು. ಆಗ ಅಮೆರಿಕದಲ್ಲಿ ಇದ್ದವರಲ್ಲಿ ಯುರೋಪಿನ ಮೂಲದವರೇ ಹೆಚ್ಚು. ಅವರು ತಮ್ಮ ಬಂಧುಗಳನ್ನೇ ಕರೆಸುತ್ತಾರೆ, ಹಾಗಾಗಿ ದೇಶದ ಚಹರೆ ಬದಲಾಗುವುದಿಲ್ಲ ಎಂಬುದು ಲೆಕ್ಕಾಚಾರ. ಒಡಹುಟ್ಟಿದವರ ವರ್ಗಕ್ಕೆ 24 ಶೇಕಡಾ ಪಾಲು ಸಿಕ್ಕಿತು. ಈ ಕಾನೂನನ್ನು ಅಲ್ಲಿ 'ಅಣ್ಣತಮ್ಮ ಅಕ್ಕತಂಗಿಯರ ಕಾನೂನು' ಅಂತ ಗೇಲಿ ಮಾಡಿದ್ದೂ ಉಂಟು. ಯುರೋಪಿನವರಿಗೆ ಬರುವ ಉಮೇದು ಕಡಿಮೆಯಾಯಿತು. ಡಾಕ್ಟರು, ಎಂಜಿನಿಯರು ಆಗಿ ಹೋದ ಏಷ್ಯಾದವರು ಅದೇ ಬಾಗಿಲಿನಿಂದ ತಮ್ಮ ಅಣ್ಣ ತಂಗಿಯರನ್ನು ಕರೆದರು. ಫೀಗನ್ ಹಚ್ಚಿದ ಬಳ್ಳಿ ಅವರು ನೆನೆಸದ ಚಪ್ಪರಕ್ಕೆ ಹಬ್ಬಿತು.

ಆಮೇಲೆ 1990ರ ಕಾನೂನು ಬಂತು. ಕೆಲಸದ ಆಧಾರದ ಮೇಲೆ ವರ್ಷಕ್ಕೆ 1,40,000 ಗ್ರೀನ್ ಕಾರ್ಡ್, ಅಂದರೆ ಅಲ್ಲೇ ಕಾಯಂ ನೆಲೆಸುವ ಪರವಾನಗಿ. ಕೋಟಾದೊಳಗಿನ ಕುಟುಂಬ ವರ್ಗಗಳಿಗೆ ಕನಿಷ್ಠ 2,26,000. ಅದರಲ್ಲಿ ಒಡಹುಟ್ಟಿದವರಿಗೆ 65,000, ಅದೂ ಅವರ ಗಂಡ, ಹೆಂಡತಿ, ಮಕ್ಕಳನ್ನೂ ಸೇರಿಸಿ. ಜೊತೆಗೊಂದು ಷರತ್ತು. ಯಾವ ಒಂದು ದೇಶಕ್ಕೂ ಒಟ್ಟು ಮೊತ್ತದ 7 ಶೇಕಡಾಕ್ಕಿಂತ ಹೆಚ್ಚು ಹೋಗಬಾರದು. ಲೆಕ್ಕ ಹಾಕಿದರೆ ದೇಶಕ್ಕೆ 25,620.

ತುಂಗಭದ್ರೆಯ ಎಡದಂಡೆ ಕಾಲುವೆ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಐವತ್ತು ಎಕರೆ ಇರುವ ಉಪಕಾಲುವೆಗೂ, ಐದು ಸಾವಿರ ಎಕರೆ ಇರುವ ಉಪಕಾಲುವೆಗೂ ಒಂದೇ ಅಳತೆಯ ತೂಬು ಕೂರಿಸಿದರೆ ಏನಾದೀತು? ಐಸ್‌ಲ್ಯಾಂಡಿಗೂ ಭಾರತಕ್ಕೂ ತೂಬು ಒಂದೇ. ಅವರ ಗದ್ದೆ ತುಂಬಿ ಹರಿಯುತ್ತದೆ. ನಮ್ಮದರಲ್ಲಿ ಕೊನೆ ಭಾಗದ ರೈತ ಕೈಕಟ್ಟಿ ಕೂರುತ್ತಾನೆ. ಅಕ್ಕ ಆ ಕೊನೆ ಭಾಗದಲ್ಲಿದ್ದಳು.

ಬೇರೆ ವರ್ಗಗಳಿಗೂ ಇದೇ ಪಾಡು. ಅದೇ 1990ರ ಕಾನೂನು ಎಚ್-1ಬಿ ಎಂಬ ತಾತ್ಕಾಲಿಕ ಕೆಲಸದ ವೀಸಾವನ್ನೂ ಈಗಿನ ರೂಪಕ್ಕೆ ತಂದಿತು. ವರ್ಷಕ್ಕೆ 65,000. 2000 ಇಸವಿ ಬಂದರೆ ಕಂಪ್ಯೂಟರುಗಳ ತಾರೀಖು ಕೆಡುತ್ತದೆಂದು ಹೆದರಿದ್ದ ವೈಟುಕೆ ಕಾಲದಲ್ಲಿ ಅದನ್ನು ಹಿಗ್ಗಿಸಿ, 2001ರಿಂದ ಮೂರು ವರ್ಷ 1,95,000ಕ್ಕೆ ಏರಿಸಿದರು. ಅಂದರೆ ಒಳಗೆ ಬರುವ ಬಾಗಿಲು ಅಗಲವಾಯಿತು, ಕೂರುವ ಕುರ್ಚಿ ಅಷ್ಟೇ ಉಳಿಯಿತು. ಬಳ್ಳಾರಿ, ರಾಯಚೂರಿನಿಂದ ಎಂಜಿನಿಯರಿಂಗ್ ಮುಗಿಸಿ ಹೋದ ಹುಡುಗರು ನಿಂತಿರುವುದು ಹೆಚ್ಚಾಗಿ ಇಬಿ-2, ಇಬಿ-3 ಎಂಬ ಕೆಲಸದ ಆಧಾರದ ಗ್ರೀನ್ ಕಾರ್ಡ್ ವರ್ಗಗಳ ಪಾಳಿಯಲ್ಲಿ. ಇಬಿ-2ರಲ್ಲಿ ಭಾರತದ ಮೂಲ ಪಾಲು ವರ್ಷಕ್ಕೆ ಸುಮಾರು 2,800, ಹೆಂಡತಿ ಮಕ್ಕಳೂ ಅದರೊಳಗೇ. ಆರು ವರ್ಷಕ್ಕೆ ಮುಗಿಯಬೇಕಿದ್ದ ಎಚ್-1ಬಿಯನ್ನು ಪಾಳಿಯಲ್ಲಿರುವವರಿಗೆ ಮುಂದುವರಿಸಿಕೊಡಲು 2000ದ ಕಾನೂನು ಅವಕಾಶ ಕೊಟ್ಟಿತು. ಅದಕ್ಕೇ ಅವರು ವಾಪಸ್ ಬರುವುದೂ ಇಲ್ಲ, ಅಲ್ಲಿ ಪೂರ್ತಿ ನೆಲೆಯೂರುವುದೂ ಇಲ್ಲ.

ಈ ಪಾಳಿಯ ಪಂಚಾಂಗ ಅಂದರೆ ವೀಸಾ ಬುಲೆಟಿನ್. ಅಮೆರಿಕದ ವಿದೇಶಾಂಗ ಇಲಾಖೆ ತಿಂಗಳಿಗೊಮ್ಮೆ ಹೊರಡಿಸುತ್ತದೆ. ಅದರಲ್ಲಿ ಕೊಟ್ಟ ತಾರೀಖಿಗಿಂತ ನಿಮ್ಮ ತಾರೀಖು ಹಿಂದಿನದಾದರೆ ಪಾಳಿ ಬಂದಂತೆ. ನಿಮ್ಮ ತಾರೀಖು ಅಂದರೆ ಪ್ರಯಾರಿಟಿ ಡೇಟ್, ಕುಟುಂಬದ ಅರ್ಜಿಯಾದರೆ ಅದು ಸರ್ಕಾರದ ಕೈ ಸೇರಿದ ದಿನ. ಒಪ್ಪಿಗೆ ಬೇಗ ಸಿಕ್ಕಿತೋ ತಡವಾಯಿತೋ ಆ ತಾರೀಖು ಕದಲುವುದಿಲ್ಲ. 'ಫಾಸ್ಟ್ ಮಾಡಿಸಿಕೊಡ್ತೀವಿ' ಅಂತ ದುಡ್ಡು ಕೇಳುವ ಏಜೆಂಟರನ್ನು ಬಾಗಿಲಿಂದಲೇ ಕಳಿಸಲು ಇಷ್ಟು ತಿಳಿದಿದ್ದರೆ ಸಾಕು.

ಪಾಳಿ ಮುಂದಕ್ಕೇ ಹೋಗುತ್ತದೆ ಅಂತಲೂ ಇಲ್ಲ. ಇದು ಹಾವು ಏಣಿ ಆಟ. 2022ರ ಸೆಪ್ಟೆಂಬರ್ ಬುಲೆಟಿನ್‌ನಲ್ಲಿ ಭಾರತದ ಇಬಿ-2 ತಾರೀಖು 2014ರ ಡಿಸೆಂಬರ್ 1. ಮುಂದಿನ ತಿಂಗಳೇ 2012ರ ಏಪ್ರಿಲ್ 1ಕ್ಕೆ ಜಾರಿತು. 2023ರ ಮೇ ಹೊತ್ತಿಗೆ 2011ರ ಜನವರಿ 1. ಎಂಟೇ ತಿಂಗಳಲ್ಲಿ ನಾಲ್ಕು ವರ್ಷ ಹಿಂದಕ್ಕೆ.

2007ರ ಜುಲೈನಲ್ಲಂತೂ ನಾಟಕವೇ ನಡೆಯಿತು. ಕೆಲಸದ ವರ್ಗಗಳಲ್ಲಿ ಹೆಚ್ಚೂಕಡಿಮೆ ಎಲ್ಲರೂ ಅರ್ಜಿ ಹಾಕಬಹುದು ಅಂತ ಬುಲೆಟಿನ್ ಹೇಳಿತು. ಜನ ರಜೆ ಹಾಕಿ, ವೈದ್ಯಕೀಯ ತಪಾಸಣೆ ಮಾಡಿಸಿ, ವಕೀಲರಿಗೆ ದುಡ್ಡು ಕಟ್ಟಿ ಸಿದ್ಧರಾದರು. ಜುಲೈ 2ರಂದು 'ನಂಬರ್ ಮುಗಿದಿವೆ' ಅಂತ ಹೇಳಿಕೆ ಬಂತು. ನಮ್ಮವರು ಬೈಯಲಿಲ್ಲ. ಗಾಂಧಿಗಿರಿ ಅಂತ ವಲಸೆ ಇಲಾಖೆಯ ಮುಖ್ಯಸ್ಥ ಎಮಿಲಿಯೊ ಗೊನ್ಸಾಲೆಸ್ ಅವರಿಗೆ ನೂರಾರು ಹೂಗುಚ್ಛ ಕಳಿಸಿದರು. ಅವರು ಹೂಗಳನ್ನು ಸೈನಿಕರ ಆಸ್ಪತ್ರೆಗೆ ಕಳಿಸಿದರು. ಎರಡೇ ವಾರದಲ್ಲಿ ಇಲಾಖೆ ಪಟ್ಟು ಬಿಟ್ಟು ಆಗಸ್ಟ್ 17ರವರೆಗೆ ಅರ್ಜಿ ತೆಗೆದುಕೊಂಡಿತು.

ಅರ್ಜಿ ತೆಗೆದುಕೊಂಡರೇ ಹೊರತು ತೂಬು ದೊಡ್ಡದಾಗಲಿಲ್ಲ. ಕೆಲಸದ ವರ್ಗಕ್ಕೆ ದೇಶವಾರು ಮಿತಿ ತೆಗೆಯುವ ಮಸೂದೆ 2019ರ ಜುಲೈನಲ್ಲಿ ಕೆಳಮನೆಯಲ್ಲಿ 365ಕ್ಕೆ 65 ಮತಗಳಿಂದ ಗೆದ್ದಿತು. 2020ರ ಡಿಸೆಂಬರ್‌ನಲ್ಲಿ ಸೆನೆಟ್ ತನ್ನದೇ ಇನ್ನೊಂದು ರೂಪಕ್ಕೆ ಒಪ್ಪಿತು. ಎರಡೂ ಹೊಂದಾಣಿಕೆಯಾಗುವ ಮೊದಲೇ ಆ ಸಂಸತ್ತಿನ ಅವಧಿ ಮುಗಿಯಿತು, ಮಸೂದೆ ಬಿದ್ದುಹೋಯಿತು.

ಅಕ್ಕನ ಫೈಲಿಗೆ ವಾಪಸ್ ಬರೋಣ. ಪಾಳಿ ಬಂದಾಗ ಮಗನಿಗೆ 24 ವರ್ಷ 4 ತಿಂಗಳು, ಮಗಳಿಗೆ 27 ದಾಟಿತ್ತು. ತಾಯಿಯ ಜೊತೆ ಹೋಗಲು ಮಕ್ಕಳು 21ರ ಒಳಗಿರಬೇಕು, ಮದುವೆಯೂ ಆಗಿರಬಾರದು. ಆದರೆ 2002ರ ಒಂದು ಕಾನೂನು ಸ್ವಲ್ಪ ಕರುಣೆ ತೋರಿಸುತ್ತದೆ. ಅರ್ಜಿ ಪರಿಶೀಲನೆಯಲ್ಲಿ ಕೂತಿದ್ದ ಅವಧಿಯನ್ನು ಮಕ್ಕಳ ವಯಸ್ಸಿನಿಂದ ಕಳೆಯುತ್ತಾರೆ. ನಮ್ಮ ಅರ್ಜಿ ಕೂತಿದ್ದು 3 ವರ್ಷ 8 ತಿಂಗಳು. ಹಾಗಾಗಿ ಕಾನೂನಿನ ಕಣ್ಣಲ್ಲಿ ಮಗನ ವಯಸ್ಸು 20 ವರ್ಷ 8 ತಿಂಗಳು, ಪಾಸು. ಮಗಳಿಗೆ ಅಷ್ಟು ಕಳೆದರೂ ಇಪ್ಪತ್ಮೂರರ ಮೇಲೆ. ಅಂದು 'ಇಷ್ಟು ತಡ ಮಾಡ್ತಾರಲ್ಲ' ಅಂತ ನಾವು ಬೈದುಕೊಂಡ ಆ ಮೂರೂಮುಕ್ಕಾಲು ವರ್ಷವೇ ಮಗನನ್ನು ದಾಟಿಸಿತು! ಬೇಗ ಒಪ್ಪಿಗೆ ಸಿಕ್ಕಿದ್ದರೆ ಅವನೂ ಇಲ್ಲೇ ಉಳಿಯುತ್ತಿದ್ದ.

ಪಾಳಿ ಬಂದ ಮೇಲೆ ಕಾಗದಪತ್ರದ ಕಾಟ. ಇಲ್ಲಿ ನಮ್ಮ ಜಿಲ್ಲೆಗಳ ಚರಿತ್ರೆಯೇ ಅಡ್ಡ ಬಂದು ನಿಲ್ಲುತ್ತದೆ. ಬಳ್ಳಾರಿ 1953ರವರೆಗೆ ಮದ್ರಾಸಿನಲ್ಲಿತ್ತು. ರಾಯಚೂರು 1956ರವರೆಗೆ ಹೈದರಾಬಾದಿನಲ್ಲಿತ್ತು, ಹಳೆಯ ಶಾಲಾ ದಾಖಲೆ ಎಷ್ಟೋ ಉರ್ದುವಿನಲ್ಲಿವೆ. ಕೊಪ್ಪಳ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಇಂಗ್ಲಿಷಿನಲ್ಲಿ 'ಬೆಳ್ಳಾರಿ' ಹೋಗಿ 'ಬಳ್ಳಾರಿ' ಬಂದದ್ದು 2014ರಲ್ಲಿ. ಹೊಸಪೇಟೆ 2021ರಿಂದ ವಿಜಯನಗರ ಜಿಲ್ಲೆಗೆ ಸೇರಿತು. ಅಕ್ಕ ಹುಟ್ಟಿದ್ದು ಗಂಗಾವತಿ ತಾಲೂಕಿನ ಹಳ್ಳಿಯಲ್ಲಿ. ಪಾಸ್‌ಪೋರ್ಟಿನಲ್ಲಿ ಜಿಲ್ಲೆ ರಾಯಚೂರು, ಹೊಸ ಪ್ರಮಾಣಪತ್ರದಲ್ಲಿ ಕೊಪ್ಪಳ. ಊರು ಕದಲಿಲ್ಲ, ಗಡಿ ಕದಲಿದೆ ಅಂತ ಒಂದು ಪತ್ರ ಬರೆದು ಜೊತೆಗಿಟ್ಟೆವು.

ಜನನ ನೋಂದಣಿ ಕಾನೂನು ಬಂದದ್ದೇ 1969ರಲ್ಲಿ. ಅಕ್ಕ ಅದಕ್ಕೂ ಮುಂಚಿನವಳು. 'ದಾಖಲೆ ಲಭ್ಯವಿಲ್ಲ' ಎಂಬ ಪ್ರಮಾಣಪತ್ರ, ಶಾಲೆಯ ಟಿಸಿ, ಹುಟ್ಟಿದ್ದನ್ನು ಬಲ್ಲ ಹಿರಿಯರ ಅಫಿಡವಿಟ್ ಸೇರಿಸಬೇಕಾಯಿತು. ನಿಜವಾದ ತೊಡಕು ಟಿಸಿಯಲ್ಲಿತ್ತು. ಅಣ್ಣನ ಹುಟ್ಟಿದ ದಿನ 1-6-1967. ಅಕ್ಕನದು 10-1-1968. ಒಂದೇ ತಾಯಿಗೆ ಏಳು ತಿಂಗಳ ಅಂತರದಲ್ಲಿ ಎರಡು ಮಕ್ಕಳು! ಶಾಲೆಗೆ ಸೇರಿಸುವಾಗ ಮೇಷ್ಟ್ರು ಎಲ್ಲ ಹುಡುಗರಿಗೂ ಜೂನ್ ಒಂದು ಅಂತ ಬರೆಯುತ್ತಿದ್ದ ಕಾಲವದು. ನಮ್ಮ ಓಣಿಯ ಅರ್ಧ ಗಂಡಸರ ಹುಟ್ಟುಹಬ್ಬ ಅವತ್ತೇ. ನಮಗೆ ಇದು ನಗೆ, ವೀಸಾ ಅಧಿಕಾರಿಗೆ ಅನುಮಾನ. ಸೋದರಮಾವನ ಅಫಿಡವಿಟ್ಟು, ಹಳೇ ಪಡಿತರ ಚೀಟಿ, ಮೂವತ್ತು ವರ್ಷದ ಹಿಂದಿನ ಮದುವೆ ಫೋಟೊ ಎಲ್ಲ ಹೋದವು. ಡಿಎನ್‌ಎ ಪರೀಕ್ಷೆಯವರೆಗೆ ಹೋಗಲಿಲ್ಲ, ಪುಣ್ಯ.

ಅಕ್ಕನ ಪಾಸ್‌ಪೋರ್ಟಿನಲ್ಲಿ ಇರುವುದು ಒಂದೇ ಹೆಸರು. ಮನೆತನದ ಹೆಸರು ಹಾಕುವ ರೂಢಿ ನಮ್ಮ ಮನೆಯಲ್ಲಿಲ್ಲ. ವೀಸಾದಲ್ಲಿ ಆ ಒಂದೇ ಹೆಸರನ್ನು ಮನೆತನದ ಹೆಸರಿನ ಜಾಗಕ್ಕೆ ಹಾಕಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಅಚ್ಚು ಹಾಕುತ್ತಾರೆ. ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ. "ಹೆಸರು ಗೊತ್ತಿಲ್ದೆ ಹತ್ತೊಂಬತ್ತು ವರ್ಷ ಕಾಯಿಸ್ಯಾರ ಏನು?" ಅಂದಳು ಅಕ್ಕ.

ಸಂದರ್ಶನ ಮುಂಬೈಯಲ್ಲಿ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದದ್ದು ಓದಿ ಖುಷಿಪಟ್ಟಿದ್ದೆವು, ಆದರೆ ವೀಸಾ ಕೆಲಸ ಅಲ್ಲಿ ಶುರುವಾಗಿರಲಿಲ್ಲ. ರಾಯಚೂರಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆವು. ವೈದ್ಯಕೀಯ ತಪಾಸಣೆಗೆ ಮೊದಲೇ ಹೋಗಿ, ಬಾಂದ್ರಾ ಕುರ್ಲಾದ ಕಚೇರಿಗೆ ಬೆಳಿಗ್ಗೆ ಮುಟ್ಟಿದೆವು. ಒಳಗೆ ಅಕ್ಕ, ಭಾವ, ಮಗ. ಕಿಟಕಿಯ ಮುಂದೆ ಹತ್ತು ನಿಮಿಷವೂ ಆಗಲಿಲ್ಲವಂತೆ.

ವೀಸಾ ಬಂತು. ಅದರ ಆಯುಷ್ಯ ತಪಾಸಣೆಯ ಕಾಗದಕ್ಕೆ ಕಟ್ಟಿಹಾಕಿದ್ದು, ಬಹಳವೆಂದರೆ ಆರು ತಿಂಗಳು. ಅಷ್ಟರೊಳಗೆ ಅಮೆರಿಕದಲ್ಲಿ ಕಾಲಿಡಬೇಕು. ಮಗಳಿಗಾಗಿ ಅಕ್ಕ ಅಲ್ಲಿಂದ ಹೊಸ ಅರ್ಜಿ ಹಾಕಬಹುದು, ಆ ವರ್ಗದಲ್ಲಿ ಭಾರತದ ತಾರೀಖು 2025ರಲ್ಲಿ 2016ರ ಹತ್ತಿರ ತೆವಳುತ್ತಿತ್ತು. ಗ್ರೀನ್ ಕಾರ್ಡಿನ ತಾಯಿ ಹಾಕಿದ ಅರ್ಜಿ ಮಗಳು ಮದುವೆಯಾದರೆ ರದ್ದು. ಮಗಳು ಒಂದೇ ಮಾತು ಹೇಳಿದಳು: "ಅವ್ವಾ, ಆ ಫೈಲ್‌ನಾಗ ನನ್ನ ಹೆಸರು ಬರಿಬ್ಯಾಡ."

ಹತ್ತೊಂಬತ್ತು ವರ್ಷ ಪುರುಸೊತ್ತಿತ್ತು, ಈಗ ಆರು ತಿಂಗಳಲ್ಲಿ ಹೊಲ ಲಾವಣಿಗೆ ಕೊಡಬೇಕು, ಎಮ್ಮೆ ಮಾರಬೇಕು, ಮಗಳ ಲಗ್ನ ಮಾಡಬೇಕು. ಭಾವ ಕ್ಯಾಲೆಂಡರ್ ಹಿಡಿದು ಪುರೋಹಿತರ ಮನೆಗೆ ಹೋದರು. ವೀಸಾ ಮುಗಿಯುವ ತಾರೀಖಿಗಿಂತ ಮುಂಚೆ ಒಳ್ಳೆಯ ಮುಹೂರ್ತ ಇದ್ದದ್ದು ಎರಡೇ.