ಬಣ್ಣದ ಅಡಿಯ ಗೀರುಗಳು

ದೀಪಾವಳಿ ಕಳೆದ ಮೇಲೆ ನಮ್ಮ ಕರಾವಳಿಯಲ್ಲಿ ಸಂಜೆಯ ಸೂರ್ಯ ಸ್ವಲ್ಪ ತೆಂಕಣಕ್ಕೆ ಸರಿದು ಮುಳುಗುತ್ತಾನೆ. ಆಗ ಉಡುಪಿಯ ಯಾವುದಾದರೂ ಹಳೆಯ ಮನೆಯ ತೆಂಕು ಬದಿಯ ಕಿಟಕಿ ಬಾಗಿಲನ್ನು ನೋಡಿ. ಬಿಸಿಲು ಮರದ ಮೈ ಸವರಿಕೊಂಡು ಓರೆಯಾಗಿ ಹಾಯುವುದರಿಂದ, ಮಧ್ಯಾಹ್ನ ಕನ್ನಡಿಯಂತಿದ್ದ ಎನಾಮಲ್‌ನಲ್ಲಿ ಸಣ್ಣ ಸಣ್ಣ ಗೆರೆಗಳು ಏಳುತ್ತವೆ. ಮನೆಯವರು ಬಣ್ಣದ ಡಬ್ಬಿಯನ್ನು ದೂರುತ್ತಾರೆ. ಬಹಳ ಸಲ ದೋಷ ಬಣ್ಣದಲ್ಲಿರುವುದಿಲ್ಲ, ಅದರ ಅಡಿಯಲ್ಲಿರುತ್ತದೆ: ಬಣ್ಣಕ್ಕೆ ಮೊದಲು ಮರ ಉಜ್ಜಿದ ದಪ್ಪ ಕಾಳಿನ ಮರಳು ಕಾಗದ ಬಿಟ್ಟ ಗೀರನ್ನು, ಆಮೇಲೆ ಆಡಿಸಬೇಕಾದ ನಡುವಿನ ದರ್ಜೆಯ ಕಾಗದ ಅಳಿಸಿರುವುದಿಲ್ಲ.

ಹಿಂದೆ ಆಚಾರಿಗಳು ಗರಗತ್ತಿ ಮರದ ದೊರಗು ಎಲೆಯಿಂದ ಮರ ಉಜ್ಜುತ್ತಿದ್ದರು. ಎಲೆಯ ಮೇಲಿನ ಗಡುಸು ರೋಮಗಳೇ ಅದರ ಹಲ್ಲು. ಎಲೆಗೆ ದರ್ಜೆ ಇರಲಿಲ್ಲ. ದರ್ಜೆ ಬಂದದ್ದು ಕಾರ್ಖಾನೆಯ ಜರಡಿಯಿಂದ. ಮರಳು ಕಾಗದದ ಹಿಂಬದಿಯಲ್ಲಿ ಅಚ್ಚಾಗಿರುವ 80, 120, 220 ಎಂಬ ನಂಬರುಗಳ ಮೂಲ, ಜರಡಿಯಲ್ಲಿ ಒಂದು ಇಂಚಿಗೆ ಎಷ್ಟು ಕಣ್ಣು ಎಂಬ ಲೆಕ್ಕ. ಕಣ್ಣು ಹೆಚ್ಚಾದಷ್ಟೂ ಕಾಳು ಸಣ್ಣದು. ಯುರೋಪಿನ ಪಿ ದರ್ಜೆಯಲ್ಲಿ ಪಿ80ರ ಕಾಳು ಸುಮಾರು 200 ಮೈಕ್ರಾನ್, ಅಂದರೆ ಮಿಲಿಮೀಟರಿನ ಐದನೇ ಒಂದು ಪಾಲು. ಪಿ120ರದ್ದು 125, ಪಿ180ರದ್ದು 82, ಪಿ320ರದ್ದು 46. ಪಿ220ರವರೆಗೆ ಜರಡಿ ಸಾಕು. ಅದಕ್ಕಿಂತ ನಯವಾದ ಪುಡಿಯನ್ನು ದ್ರವದಲ್ಲಿ ಕದಡಿ, ಅದು ತಳ ಸೇರುವ ವೇಗದಿಂದ ಅಳೆಯುತ್ತಾರೆ. ಕಾಳಿನ ಅಗಲ ಅರ್ಧವಾದರೆ ಇಳಿಯುವ ವೇಗ ಕಾಲು ಪಾಲಾಗುತ್ತದೆ, ಆದ್ದರಿಂದ ಕಣ್ಣಿಗೆ ಕಾಣದ ವ್ಯತ್ಯಾಸವೂ ಅಲ್ಲಿ ಸಿಕ್ಕಿಬೀಳುತ್ತದೆ. ನನಗೆ ಬಲು ಇಷ್ಟವಾದ ಉಪಾಯ ಇದು. ಅಂಗಡಿಯಲ್ಲಿ ಮಾತ್ರ ಒಂದು ಎಚ್ಚರ ಬೇಕು: ಅಮೆರಿಕದ ಹಳೆಯ ದರ್ಜೆಯ 320, ಪಿ400ಕ್ಕೆ ಹತ್ತಿರ. ನಂಬರಿನ ಮುಂದೆ ಪಿ ಇದೆಯೇ ಎಂದು ನೋಡಿಕೊಳ್ಳಿ.

ಈಗ ಗೀರಿನ ಮಾತು. ಕಾಳಿನ ಬಹುಭಾಗ ಅಂಟಿನಲ್ಲಿ ಹೂತಿರುತ್ತದೆ, ತುದಿಯಷ್ಟೇ ಮರಕ್ಕೆ ಇಳಿಯುತ್ತದೆ. ಆದರೂ 80ರ ಕಾಗದ ಹತ್ತಾರು ಮೈಕ್ರಾನ್ ಆಳದ ಸಾಲುಗಳನ್ನು ಉಳುತ್ತದೆ. ಒಂದು ಕೋಟ್ ಎನಾಮಲ್ ಒಣಗಿದ ಮೇಲೆ ಉಳಿಯುವ ಪದರವೂ ಸುಮಾರು 25ರಿಂದ 40 ಮೈಕ್ರಾನ್ ಮಾತ್ರ. ಬಣ್ಣ ಹಸಿಯಾಗಿದ್ದಾಗ ಸಾಲು ತುಂಬಿ ಮೈ ಸಮತಟ್ಟಾಗಿ ಕಾಣುತ್ತದೆ. ತಿನ್ನರ್ ಆರಿದಂತೆ ಪದರ ಕುಗ್ಗುತ್ತದೆ. ಬಣ್ಣ ದಪ್ಪವಾಗಿ ನಿಂತದ್ದು ಸಾಲಿನೊಳಗೆ, ಹಾಗಾಗಿ ಹೆಚ್ಚು ಕುಸಿಯುವುದೂ ಅಲ್ಲೇ. ಮುಚ್ಚಿದ ಗೀರು ನಾಲ್ಕು ದಿನದ ಮೇಲೆ ಮತ್ತೆ ಮೇಲೆ ಬರಲು ಕಾರಣ ಇದು.

80ರಿಂದ ನೇರ 320ಕ್ಕೆ ಹಾರಿದರೆ ನಯವಾದ ಕಾಳು ಸಾಲುಗಳ ದಿಣ್ಣೆಗಳನ್ನು ಮಾತ್ರ ತೀಡುತ್ತದೆ. ಕೈಗೆ ನುಣುಪು ಹತ್ತುತ್ತದೆ, ತಳ ಹಾಗೇ ಇರುತ್ತದೆ. ಮುಂದಿನ ನಂಬರು ಹಿಂದಿನದರ ಒಂದೂವರೆ ಪಟ್ಟಿನ ಆಸುಪಾಸಿನಲ್ಲಿರಲಿ, ಎರಡು ಪಟ್ಟು ದಾಟುವುದು ಬೇಡ. 80, 120, 180. ಪ್ರತಿ ಹಂತಕ್ಕೂ ಮುಂಚೆ ಮರದ ಮೇಲೆ ಪೆನ್ಸಿಲಿನಿಂದ ಹಗುರಾಗಿ ಗೆರೆ ಎಳೆದುಕೊಳ್ಳಿ. ಗೆರೆ ಎಲ್ಲೆಡೆ ಅಳಿದರೆ ಕಾಗದ ಎಲ್ಲೆಡೆ ಮುಟ್ಟಿದೆ ಎಂದರ್ಥ. ಉಜ್ಜುವುದು ಎಳೆಯ ಉದ್ದಕ್ಕೇ, ಅಡ್ಡ ಗೀರು ಎಳೆಗಳನ್ನು ಕಡಿಯುತ್ತದೆ.

ಹಾಗೆಂದು ಬರಿಯ ಮರವನ್ನು 400ರವರೆಗೆ ಒಯ್ಯಬೇಕಿಲ್ಲ. ಪ್ರೈಮರ್ ಹಿಡಿದು ನಿಲ್ಲುವುದು ಸಣ್ಣ ಗೀರುಗಳಲ್ಲೇ. ಹೆಬ್ಬಲಸಿನ ದಾರಂದಕ್ಕಾಗಲಿ ತೇಗದ ಬಾಗಿಲಿಗಾಗಲಿ ಬಣ್ಣ ಬಳಿಯುವುದಾದರೆ 150 ಅಥವಾ 180ಕ್ಕೆ ನಿಲ್ಲಿಸಿ. ಪ್ರೈಮರ್ ಒಣಗಿದಾಗ ಮರದ ನವಿರು ಎಳೆಗಳು ಎದ್ದು ಗಡುಸಾಗಿ ನಿಂತಿರುತ್ತವೆ, ಆಗ 220 ಹಗುರಾಗಿ. ಪುಟ್ಟಿ ಹಾಕಿದಲ್ಲಿ 180, ಆಮೇಲೆ 240. ಕೋಟುಗಳ ನಡುವೆ 320, ಅದೂ ಹೊಳಪು ಮಾಸುವಷ್ಟೇ. ಎದ್ದ ಹಳೆಯ ಬಣ್ಣಕ್ಕೆ ಮೊದಲು ಕೆರೆಯುವ ಪಟ್ಟಿ, ಅನಂತರ 60 ಅಥವಾ 80.

ನಮ್ಮ ಊರಿಗೆ ಇನ್ನೊಂದು ಲೆಕ್ಕವಿದೆ. ಗಾಳಿಯ ತೇವಾಂಶ 85 ಶೇಕಡಾ ಇರುವ ಮಳೆಗಾಲದ ಆಟಿ ತಿಂಗಳ ದಿನಗಳಲ್ಲಿ ಮರ ಸುಮಾರು 17–18 ಶೇಕಡಾ ನೀರು ಹಿಡಿದಿರುತ್ತದೆ. ಗಾಳಿ 65ಕ್ಕೆ ಇಳಿದಾಗ ಅದು 12ರ ಹತ್ತಿರ. ಒದ್ದೆ ಎಳೆ ತುಂಡಾಗುವುದಿಲ್ಲ, ಬಾಗಿ ಮತ್ತೆ ಏಳುತ್ತದೆ. ಕಾಗದದ ಕಾಳುಗಳ ನಡುವೆ ಪುಡಿಯೂ ಬೇಗ ಕಟ್ಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಎಷ್ಟೇ ನಯವಾದ ನಂಬರು ತಂದರೂ ಮರದ ಮೈ ಜೂಲುಜೂಲಾಗುವುದು ಇದರಿಂದಲೇ. ತುರ್ತಿಲ್ಲದಿದ್ದರೆ ಡಿಸೆಂಬರ್‌ವರೆಗೆ ಕಾಯುವುದು ಮೇಲು.

ಕಡಲ ಬದಿಯ ಕಬ್ಬಿಣದ ಗ್ರಿಲ್‌ಗಳಿಗೆ ಉಪ್ಪಿನ ಕಾಟ. ಮಲ್ಪೆ, ಉಳ್ಳಾಲ, ಸುರತ್ಕಲ್‌ಗಳಲ್ಲಿ ಉಜ್ಜುವ ಮೊದಲು ಸಿಹಿನೀರಿನಲ್ಲಿ ತೊಳೆದು ಒಣಗಿಸಲೇಬೇಕು; ಇಲ್ಲವಾದರೆ ಕಾಗದ ಉಪ್ಪನ್ನು ಗೀರಿನೊಳಕ್ಕೆ ತುಂಬುತ್ತದೆ. ಬಣ್ಣದ ಅಡಿಯಲ್ಲಿ ಉಳಿದ ಉಪ್ಪು ಪದರದ ಮೂಲಕವೇ ನೀರೆಳೆದು ಗುಳ್ಳೆ ಎಬ್ಬಿಸುತ್ತದೆ. 80ರ ಎಮರಿ ಕಾಗದದಲ್ಲಿ ತುಕ್ಕು ತೆಗೆದು, 120 ಆಡಿಸಿ, ಅದೇ ದಿನ ಪ್ರೈಮರ್ ಹಚ್ಚಿ. ಒಂದು ರಾತ್ರಿಯ ಕಡಲ ಗಾಳಿ ಸಾಕು, ಹೊಳೆಯುವ ಕಬ್ಬಿಣ ಮತ್ತೆ ಕೆಂಪಾಗಲು.

ನನಗೆ ನಿಜವಾಗಿ ಭಯವಿರುವುದು ಧೂಳಿನ ಬಗ್ಗೆ. ಮನೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 90 ಪಾಲು, ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಪದರಗಳಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರು ಎನಾಮಲ್‌ಗಳಲ್ಲಿ, ಸೀಸ ಇದೆಯೆಂದೇ ತಿಳಿದು ನಡೆಯಬೇಕು. ಮಕ್ಕಳ ಮಿದುಳಿಗೆ ಸೀಸದಿಂದಾಗುವ ಹಾನಿ ಮತ್ತೆ ಸರಿಹೋಗುವಂಥದ್ದಲ್ಲ. ಅಂಥ ಬಾಗಿಲಿಗೆ ಒಣ ಕಾಗದವೂ ಬೇಡ, ಯಂತ್ರವೂ ಬೇಡ. ನೀರಿಗೆ ಕೆಡದ ಕಪ್ಪು ಬಣ್ಣದ ಸಿಲಿಕಾನ್ ಕಾರ್ಬೈಡ್ ಕಾಗದ, ಅಂದರೆ ಪೇಂಟರುಗಳ ವಾಟರ್ ಪೇಪರ್, ತಂದು ಮೈಯನ್ನು ಒದ್ದೆ ಮಾಡಿಯೇ ಉಜ್ಜಿ. ಬಾಯಿಗೆ ಟವೆಲ್ ಸಾಲದು, ಎನ್95 ಮಾಸ್ಕ್ ಬೇಕು. ಮಕ್ಕಳು, ಬಸುರಿಯರು ಆ ದಿನ ಬೇರೆ ಮನೆಯಲ್ಲಿರಲಿ. ಕೆಳಗೆ ಹಾಸಿದ ಪ್ಲಾಸ್ಟಿಕ್ಕಿನ ಮೇಲೆ ಬೀಳುವ ರಾಡಿಯನ್ನು ಒಣಗುವ ಮೊದಲೇ ಒರೆಸಿ ಚೀಲದಲ್ಲಿ ಕಟ್ಟಿಡಬೇಕು. ಅಂಗಳಕ್ಕೆ ಚೆಲ್ಲಿ, ಬಾವಿಯ ಕಡೆಗೆ ಹರಿಯಲು ಬಿಡಬಾರದು.