ನೀಲಿ ಪೆಟ್ರೋಲಿನಲ್ಲಿ ಉಳಿದುಹೋದ ಸೀಸ

ಸಣ್ಣ ವಿಮಾನದ ಪೈಲಟ್ ಇಂಜಿನ್ ಶುರು ಮಾಡುವ ಮೊದಲು ರೆಕ್ಕೆಯ ಟ್ಯಾಂಕಿನಿಂದ ಒಂದಿಷ್ಟು ಇಂಧನವನ್ನು ಪಾರದರ್ಶಕ ಲೋಟಕ್ಕೆ ಇಳಿಸಿ ಬೆಳಕಿಗೆ ಹಿಡಿಯುತ್ತಾನೆ. ನೀರು ಬೆರೆತಿದೆಯೇ, ಬಣ್ಣ ಸರಿಯಿದೆಯೇ ಎಂದು ನೋಡುತ್ತಾನೆ. ತಿಳಿನೀಲಿ ಕಂಡರೆ ಅದು 100 ಎಲ್‌ಎಲ್, ಅಂದರೆ 'ಲೋ ಲೆಡ್' (ಕಡಿಮೆ ಸೀಸದ) ಏವ್‌ಗ್ಯಾಸ್, ಸಣ್ಣ ವಿಮಾನಗಳ ಪೆಟ್ರೋಲ್. ಹೆಸರಿನಲ್ಲಿ ಕಡಿಮೆ ಎಂದಿದ್ದರೂ ಲೀಟರಿಗೆ 0.56 ಗ್ರಾಂವರೆಗೆ ಸೀಸ ಅದರಲ್ಲಿರಬಹುದು.

ಸೀಸ ಪೆಟ್ರೋಲಿಗೆ ಬಂದದ್ದು 1921ರಲ್ಲಿ. ಸಿಲಿಂಡರಿನೊಳಗೆ ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಇಂಜಿನ್ 'ನಾಕ್' ಆಗುವುದನ್ನು ಟೆಟ್ರಾಈಥೈಲ್ ಲೆಡ್ ತಡೆಯುತ್ತದೆ ಎಂದು ಅಮೆರಿಕದ ಜನರಲ್ ಮೋಟಾರ್ಸ್‌ನ ಥಾಮಸ್ ಮಿಜ್ಲಿ ಕಂಡುಕೊಂಡರು. ಮೂರೇ ವರ್ಷಗಳಲ್ಲಿ, 1924ರಲ್ಲಿ, ನ್ಯೂಜೆರ್ಸಿಯಲ್ಲಿ ಅದನ್ನು ತಯಾರಿಸುತ್ತಿದ್ದ ಐವರು ಕಾರ್ಮಿಕರು ಸೀಸದ ವಿಷವೇರಿ ಸತ್ತರು. ಎಚ್ಚರಿಕೆ ಅಂದೇ ಸಿಕ್ಕಿತ್ತು. ಆದರೆ ಯುದ್ಧವಿಮಾನಗಳಿಗೆ ಹೆಚ್ಚು ಆಕ್ಟೇನ್, ಅಂದರೆ ನಾಕ್ ತಡೆಯುವ ಹೆಚ್ಚಿನ ಶಕ್ತಿ, ಬೇಕಿತ್ತು; ಅದನ್ನು ಕೊಡುತ್ತಿದ್ದುದು ಸೀಸ. 1940ರಲ್ಲಿ ಬ್ರಿಟನ್ನಿನ ಆಕಾಶದಲ್ಲಿ ಕಾದಾಡಿದ ಸ್ಪಿಟ್‌ಫೈರ್‌ಗಳು 100 ಆಕ್ಟೇನ್ ಇಂಧನದ ಮೇಲೆಯೇ ಹಾರಿದವು.

ಏವ್‌ಗ್ಯಾಸ್ ಬದಲು ಕಾರಿನ ಪೆಟ್ರೋಲನ್ನೇ ವಿಮಾನಕ್ಕೆ ತುಂಬುವ ಯೋಚನೆಯೂ ಹಳೆಯದು. ಅದು ಬರೀ ದುಡ್ಡು ಉಳಿಸುವ ಆಸೆಯಿಂದ ಹುಟ್ಟಿದ್ದಲ್ಲ. ಸೆಸ್ನಾ 150ರಂಥ ಸಣ್ಣ ವಿಮಾನಗಳ ಇಂಜಿನ್ ರೂಪುಗೊಂಡದ್ದು ಕಡಿಮೆ ಆಕ್ಟೇನ್ ದರ್ಜೆಯ, ಕೆಂಪು ಬಣ್ಣದ 80/87 ಏವ್‌ಗ್ಯಾಸ್‌ಗಾಗಿ. 1970ರ ದಶಕದಲ್ಲಿ ಹಲವು ದರ್ಜೆಗಳ ಬದಲು ಒಂದೇ ಸಾಕೆಂದು 100 ಎಲ್‌ಎಲ್ ಬಂತು. ಹಳೆಯ ಹಸಿರು 100/130ಕ್ಕೆ ಹೋಲಿಸಿದರೆ ಇದರಲ್ಲಿ ಸೀಸ ಅರ್ಧದಷ್ಟು. ಕೆಂಪು 80ಕ್ಕೆ ಹೋಲಿಸಿದರೆ ನಾಲ್ಕು ಪಟ್ಟು! ಸಣ್ಣ ಇಂಜಿನ್‌ಗಳ ಸ್ಪಾರ್ಕ್ ಪ್ಲಗ್‌ಗಳಲ್ಲಿ ಸೀಸ ಗಂಟುಕಟ್ಟಿತು, ವಾಲ್ವ್‌ಗಳು ಹಿಡಿದುಕೊಂಡವು. ಬೇಸತ್ತ ಮಾಲೀಕರು ಬಂಕಿನತ್ತ ನೋಡಿದರು. ಅಮೆರಿಕದ ಹವ್ಯಾಸಿ ವೈಮಾನಿಕರ ಸಂಘಟನೆ ಇಎಎ ತಾನೇ ಪರೀಕ್ಷೆ ನಡೆಸಿ 1982ರಲ್ಲಿ ಸೆಸ್ನಾ 150ಕ್ಕೆ ಕಾರಿನ ಪೆಟ್ರೋಲ್ ತುಂಬಲು ಅಧಿಕೃತ ಅನುಮತಿ ಪಡೆಯಿತು.

ಹಾಗಾದರೆ ಎಲ್ಲರೂ ಯಾಕೆ ಬದಲಾಗಲಿಲ್ಲ? ಹೆಚ್ಚು ಒತ್ತಡದಲ್ಲಿ ಕೆಲಸ ಮಾಡುವ ದೊಡ್ಡ ಇಂಜಿನ್‌ಗಳಿಗೆ ಕಾರಿನ ಪೆಟ್ರೋಲಿನ ಆಕ್ಟೇನ್ ಸಾಲದು. ಅಂಥ ಇಂಜಿನ್‌ಗಳಿರುವುದು ಏವ್‌ಗ್ಯಾಸ್ ಬಳಸುವ ವಿಮಾನಗಳಲ್ಲಿ ಸುಮಾರು ಶೇ 30ರಲ್ಲಿ, ಆದರೆ ಸುಡುವುದು ಏವ್‌ಗ್ಯಾಸ್‌ನ ಶೇ 70. ವಿಮಾನ ನಿಲ್ದಾಣದಲ್ಲಿ ಒಂದೇ ಟ್ಯಾಂಕ್ ಇದ್ದರೆ ಅದು ಈ ದೊಡ್ಡ ಗಿರಾಕಿಗಾಗಿ.

ಎರಡನೆಯ ಅಡ್ಡಿ ಎಥನಾಲ್, ಅಂದರೆ ಕಾರಿನ ಪೆಟ್ರೋಲಿಗೆ ಬೆರೆಸುವ ಮದ್ಯಸಾರ. ಅದು ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರ್ ಸೀಲ್‌ಗಳನ್ನು ಕೆಡಿಸುತ್ತದೆ. ಎತ್ತರದ ಚಳಿಯಲ್ಲಿ ನೀರು ಬೇರ್ಪಟ್ಟರೆ ಇಂಜಿನ್ ನಿಲ್ಲಬಹುದು. ಆಕಾಶದಲ್ಲಿ ಬದಿಗೆ ನಿಲ್ಲಿಸಲು ಜಾಗವಿಲ್ಲ. ಹೀಗಾಗಿ ಆ ಅನುಮತಿಗಳೆಲ್ಲ ಎಥನಾಲ್ ಇಲ್ಲದ ಪೆಟ್ರೋಲಿಗೆ ಮಾತ್ರ. ಬಂಕುಗಳಲ್ಲೋ ಅಂಥ ಪೆಟ್ರೋಲ್ ವರ್ಷವರ್ಷಕ್ಕೂ ಅಪರೂಪವಾಗುತ್ತ ಹೋಯಿತು.

ಅಮೆರಿಕದಲ್ಲಿ 1996ರಿಂದ, ಭಾರತದಲ್ಲಿ 2000ದಿಂದ ಕಾರುಗಳಿಗೆ ಸೀಸದ ಪೆಟ್ರೋಲ್ ಇಲ್ಲ. ವಿಮಾನಗಳಿಗೆ ವಿನಾಯಿತಿ ಮುಂದುವರಿಯಿತು. ಆ ವಿನಾಯಿತಿಯ ಬೆಲೆ ತೆತ್ತವರು ರನ್‌ವೇ ಪಕ್ಕದ ಮಕ್ಕಳು. ಕ್ಯಾಲಿಫೋರ್ನಿಯಾದ ರೀಡ್-ಹಿಲ್‌ವ್ಯೂ ನಿಲ್ದಾಣಕ್ಕೆ ಹತ್ತಿರವಿರುವ ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಿದೆ ಎಂದು 2021ರ ಅಧ್ಯಯನ ತೋರಿಸಿತು. 2022ರ ಜನವರಿಯಿಂದ ಅಲ್ಲಿ ಸೀಸದ ಇಂಧನದ ಮಾರಾಟ ನಿಂತಿತು. ಅದೇ ವರ್ಷ ಸೀಸವಿಲ್ಲದ ಜಿ100ಯುಎಲ್‌ಗೆ ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ ಒಪ್ಪಿಗೆ ಕೊಟ್ಟಿತು. ದಾರಿ ಸಲೀಸಾಗಿಲ್ಲ: 2023ರಲ್ಲಿ ನಾರ್ತ್ ಡಕೋಟಾ ವಿಶ್ವವಿದ್ಯಾಲಯ ತನ್ನ ತರಬೇತಿ ವಿಮಾನಗಳಿಗೆ ಸೀಸರಹಿತ ಯುಎಲ್94 ತುಂಬಿಸಿ, ಎಕ್ಸಾಸ್ಟ್ ವಾಲ್ವ್‌ಗಳ ಸೀಟು ಸವೆಯುತ್ತಿರುವುದು ಕಂಡು ತಿಂಗಳುಗಳಲ್ಲೇ 100 ಎಲ್‌ಎಲ್‌ಗೆ ಮರಳಿತು. 2030ರ ಕೊನೆಗೆ ಸೀಸ ಬಿಡುವುದು ಅಮೆರಿಕದ ಗುರಿ.

ನಮ್ಮಲ್ಲಿ ಆಮದಾಗುತ್ತಿದ್ದ 100 ಎಲ್‌ಎಲ್ ಅನ್ನು 2022ರಲ್ಲಿ ಇಂಡಿಯನ್ ಆಯಿಲ್ ವಡೋದರಾದಲ್ಲಿ ತಯಾರಿಸತೊಡಗಿತು. ಸ್ವಾವಲಂಬನೆ ಒಳ್ಳೆಯದೇ, ಆದರೆ ಸೀಸ ಅದರಲ್ಲೂ ಇದೆ. ಇತ್ತ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ (ಎನ್‌ಎಎಲ್) ರೂಪಿಸಿದ ಹಂಸ-ಎನ್‌ಜಿ ತರಬೇತಿ ವಿಮಾನದಲ್ಲಿರುವುದು ರೋಟ್ಯಾಕ್ಸ್ 912. ಇದು ಸೀಸವಿಲ್ಲದ ಕಾರಿನ ಪೆಟ್ರೋಲನ್ನೇ ಇಷ್ಟಪಡುವ ಇಂಜಿನ್. ಏವ್‌ಗ್ಯಾಸ್ ಕುಡಿಸಿದರೆ ಆಯಿಲ್ ಬೇಗ ಬೇಗ ಬದಲಿಸಬೇಕು. ಆದರೆ ಅದು ತಾಳುವುದು ಶೇ 10ರ ಎಥನಾಲನ್ನು, ನಮ್ಮ ಬಂಕುಗಳಲ್ಲಿ ಈಗ ಇರುವುದು ಶೇ 20. ತರಬೇತಿ ಶಾಲೆಗಳಿರುವ ನಿಲ್ದಾಣಗಳಿಗಾದರೂ ಎಥನಾಲ್ ಬೆರೆಸದ ಪೆಟ್ರೋಲನ್ನು ತೈಲ ಕಂಪನಿಗಳು ಬೇರೆಯಾಗಿ ಪೂರೈಸಬೇಕು. ಹೊಸ ಇಂಧನದ ಸಂಶೋಧನೆಗಾಗಿ ಕಾದು ಕೂರದೆ ಮಾಡಬಹುದಾದ ಕೆಲಸ ಅದು.